ಅವಳಿ ಗೂಬೆಗಳು

ಅಧ್ಯಕ್ಷರಾದ ಸಫ್ದರ್ ಸಾಹೇಬರೇ, ನಾಣ್ಯ ಸಂಗ್ರಹಕಾರರ ಸಂಘದ ಹಿರಿಯರೇ, ಊಟದ ವಾಸನೆ ಬಂದ ಕಡೆಗೆ ತಿರುಗಿ ಕುಳಿತಿರುವ ಸಭಿಕರೇ,

ಇವತ್ತು ಏಕಾದಶಿ, ನನಗೆ ಉಪವಾಸ. ಕೊಟ್ಟಿಗೆ ಬಾಚಿ, ಹಾಲು ಕರೆದು, ತುಳಸಿಗೆ ನೀರು ಹಾಕಿ ಜಾವಳಿಯಿಂದ ಬಸ್ಸು ಹತ್ತಿ ಬಂದೆ. ಹೊಟ್ಟೆ ಖಾಲಿ ಇದ್ದಾಗ ಸುಳ್ಳು ಹೇಳಲು ಶಕ್ತಿ ಇರುವುದಿಲ್ಲ.

‘ಖೋಟಾ ನಾಣ್ಯ ಹಿಡಿದ ಅಣ್ಣಮ್ಮ’ ಎಂದು ಬ್ಯಾನರಿನಲ್ಲಿ ಬರೆಸಿದ್ದೀರಿ. ನಾನು ಹಿಡಿಯಲು ಹೋದವಳಲ್ಲ, ತೊಳೆಯಲು ಹೋದವಳು. ಸಾಹುಕಾರ್ ಬಸವರಾಜಪ್ಪನವರ ಎಸ್ಟೇಟಿನಲ್ಲಿ ಇಪ್ಪತ್ತೆರಡು ವರ್ಷ ಕಾಫಿ ಬೀಜ ಆರಿಸಿದ್ದೇನೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅಮ್ಮಾವ್ರು ಕರೆದು, “ಮನೇಲಿರೋ ಬೆಳ್ಳಿ ಎಲ್ಲಾ ತೊಳಿ” ಎಂದರು. ಎಲ್ಲಾ ಎಂದರೆ ಎಲ್ಲಾ ತಾನೇ? ಸಾಹುಕಾರರ ಮೇಜಿನ ಮೇಲೆ ಗ್ರೀಸ್ ದೇಶದ ಮೂರು ಬೆಳ್ಳಿ ನಾಣ್ಯಗಳಿದ್ದವು. ಒಂದು ಕಡೆ ದೇವಿ, ಇನ್ನೊಂದು ಕಡೆ ಗೂಬೆ! ದೇವಿಯ ಮುಖ ನೋಡಿ ಗೂಬೆಯನ್ನು ಕ್ಷಮಿಸಿ, ಹುಣಸೆಹುಳಿ, ವಿಭೂತಿ ಹಾಕಿ ಫಳಫಳ ಮಾಡಿದೆ.

ಸಾಹುಕಾರರು ಸಫ್ದರ್ ಸಾಹೇಬರನ್ನು ಕರೆದುಕೊಂಡು ಬಂದವರು ಬಾಗಿಲಲ್ಲೇ ಕೂಗಿದರು:

“ಎರಡೂವರೆ ಸಾವಿರ ವರ್ಷದ ಕಪ್ಪನ್ನ ಹುಣಸೆಹುಳಿಲಿ ತೆಗೆದ್ಯಲ್ಲೇ ಮಾರಾಯ್ತಿ!”

“ಕೊಳೆ ಎಷ್ಟು ಹಳೇದಾದ್ರೂ ಕೊಳೇನೇ ಅಲ್ವಾ ಅಯ್ಯಾ? ನಾಳೆ ಹಬ್ಬ.”

ಅಲ್ಲಿಗೆ ಸುಮ್ಮನಾಗಬೇಕಿತ್ತು. ಆದರೆ ಆರಿಸುವ ಕಣ್ಣು ಸುಮ್ಮನಿರುತ್ತದೆಯೇ? ರಾಶಿ ರಾಶಿ ಬೀಜ ಆರಿಸಿದ್ದೇನೆ, ಎರಡು ಬೀಜ ಒಂದೇ ಥರ ಇದ್ದದ್ದು ಕಂಡಿಲ್ಲ. ಇಲ್ಲಿ ಎರಡು ಗೂಬೆಗಳ ತಲೆಯ ಮೇಲೆ ಒಂದೇ ಗೀರು. ಎರಡರ ಅಂಚಿನಲ್ಲೂ ಅದೇ ಜಾಗದಲ್ಲಿ, ಅದೇ ಉದ್ದದ ಬಿರುಕು. ಸಂಕ್ರಾಂತಿಯ ಸಕ್ಕರೆ ಅಚ್ಚಿನಲ್ಲಿ ಚಕ್ಕೆ ಎದ್ದಿದ್ದರೆ ಪ್ರತಿ ಗೊಂಬೆಯ ಮೂಗೂ ಸೊಟ್ಟಗೇ ಬರುವುದಿಲ್ಲವೇ? ಅದನ್ನೇ ಹೇಳಿದೆ.

“ಗ್ರೀಸ್ ದೇಶದ ವಿಷ್ಯ ನಿಂಗೇನು ಗೊತ್ತು?” ಎಂದರು ಸಾಹುಕಾರರು.

ಸಾಹೇಬರು ಭೂತಗನ್ನಡಿ ಹಿಡಿದು ನೋಡಿ ನಿಧಾನಕ್ಕೆ ಹೇಳಿದರು: “ಅಣ್ಣಮ್ಮಕ್ಕ ಹೇಳಿದ್ದು ಸರಿ ಸಾರ್. ಹಳೇ ಕಾಲದವ್ರು ಒಂದೊಂದನ್ನೂ ಸುತ್ತಿಗೆಲಿ ಹೊಡೆದು ಮಾಡ್ತಿದ್ರು, ಅಂಚು ಒಂದರ ಹಾಗೆ ಇನ್ನೊಂದು ಒಡೆಯಲ್ಲ. ಇವೆರಡೂ ಒಂದೇ ಅಚ್ಚಿಗೆ ಎರಕ ಹೊಯ್ದಿದ್ದು.”

ಸಾಹುಕಾರರು ಮೂರನ್ನೂ ಕಿಟಕಿಯಿಂದ ಕಾಫಿ ಸಿಪ್ಪೆ ಗುಂಡಿಗೆ ಎಸೆದರು. ಮೂರನೆಯದನ್ನು ಸಾಹೇಬರು ಇನ್ನೂ ನೋಡಿರಲಿಲ್ಲ; ಅದರಲ್ಲಿ ಆ ಗೀರೂ ಇರಲಿಲ್ಲ, ಆ ಬಿರುಕೂ ಇರಲಿಲ್ಲ. ನನಗೆ, “ನೀನಿನ್ನು ಕಾಫಿ ಕಣಕ್ಕೆ ಕಾಲಿಡಬೇಡ” ಎಂದರು. ಕಾಲಿಡಲಿಲ್ಲ. ಸಿಪ್ಪೆ ಗುಂಡಿ ಕಣದ ಬೇಲಿಯಿಂದ ಆಚೆಗಿದೆ. ನಾಲ್ಕು ದಿನ ಸಿಪ್ಪೆ ಆರಿಸಿದೆ. ಬಿಟ್ಟಿ ಕೆಲಸವೇ, ಆದರೂ ಕೈಗೆ ಎಷ್ಟು ಹಿತವಾಗಿತ್ತು ಎಂದರೆ… ಇರಲಿ, ಅದು ಇಲ್ಲಿ ಬೇಡ.

ಮೂರನೆಯದು ಸಿಕ್ಕಿತು. ಇಗೋ, ಸೆರಗಿನ ಗಂಟಿನಲ್ಲಿದೆ. ಸಾಹೇಬರು ಮೊನ್ನೆ ನೋಡಿದರು. ಅಸಲಿ! ಕಪ್ಪು ತೆಗೆದ ತಪ್ಪು ನನ್ನದೇ, ಒಪ್ಪುತ್ತೇನೆ. ಅದು ಮೊದಲಿನಂತಾಗಲು ಇನ್ನೂ ಎರಡೂವರೆ ಸಾವಿರ ವರ್ಷ ಬೇಕಂತೆ. ನನಗೆ ಈಗಲೇ ಐವತ್ತು.

ಬಸವರಾಜಪ್ಪನವರು ಸಭೆಗೆ ಬಂದಿದ್ದಾರೆ, ಒಳಗೆ ಬಂದಿಲ್ಲ. ಹೊರಗೆ ಜೀಪಿನಲ್ಲಿ ಕುಳಿತು ಪೇಪರ್ ಓದುತ್ತಿದ್ದಾರೆ. ಬಸ್ಸಿಳಿದಾಗ ನೋಡಿದೆ, ಪೇಪರ್ ತಲೆಕೆಳಗಾಗಿತ್ತು. ಸಾಹೇಬರೇ, ದಯವಿಟ್ಟು ಈ ನಾಣ್ಯವನ್ನು ಅವರ ಕೈಗೆ ಕೊಡಿ. ಕೊಟ್ಟು, ಸೋಮವಾರದಿಂದ ಅಣ್ಣಮ್ಮ ಬೀಜ ಆರಿಸಲು ಬರಬೇಕೋ ಬೇಡವೋ, ಒಂದೇ ಮಾತು ಕೇಳಿಕೊಂಡು ಬನ್ನಿ. ಉತ್ತರ ಬರುವ ತನಕ ನಾನು ಮೈಕ್ ಬಿಡುವುದಿಲ್ಲ. ನನಗಂತೂ ಇವತ್ತು ಊಟವಿಲ್ಲ. ನಿಮಗೆ ಹಸಿವಾಗಿದ್ದರೆ ಸಾಹೇಬರಿಗೆ ಸ್ವಲ್ಪ ದಾರಿ ಬಿಡಿ.

ಶಾಲಿಗೂ, ತಾಳ್ಮೆಗೂ ವಂದನೆಗಳು. ನಮಸ್ಕಾರ ಹೇಳಿಬಿಟ್ಟಿದ್ದೇನೆ, ನಿಂತೇ ಇದ್ದೇನೆ.