ಶಾಲಿನ ಕೆಳಗಿನ ಕೈ

ವೇದಿಕೆಯ ಮೇಲಿರುವ ಹಿರಿಯರೇ, ಭಜನಿ ಮೇಳದ ಗೆಳೆಯರೇ, ಡ್ಯೂಟಿ ಬದಲಿಸಿಕೊಂಡು ಬಂದಿರುವ ಡ್ರೈವರ್ ಕಂಡಕ್ಟರ್ ಬಂಧುಗಳೇ, ತಾಯಂದಿರೇ — ಮತ್ತು ಮುಂದಿನ ಸಾಲಿನಲ್ಲಿ ಕುಳಿತಿರುವ ಚನ್ನವ್ವಕ್ಕ, ಮಗ ಮುರಗೆಪ್ಪ — ಎಲ್ಲರಿಗೂ ಸತ್ಯಪ್ಪನ ನಮಸ್ಕಾರ.

ನನಗೆ ಭಾಷಣ ಬರುವುದಿಲ್ಲ. ಜೀವಮಾನವೆಲ್ಲ ಕಂಡಕ್ಟರ್‌ಕಿ ಮಾಡಿದವನು. "ಹಿಂದಕ್ಕ ಸರೀರಿ, ದಾರಿ ಬಿಡ್ರಿ" — ಇಷ್ಟೇ ನನಗೆ ಬರುವ ಮಾತು. ಇವತ್ತೂ ಅದನ್ನೇ ಹೇಳುವವನಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ದಿವಂಗತ ಲಗಮಣ್ಣನವರು... ನೋಡಿ, ಈ 'ಅವರು' ಅನ್ನುವುದಕ್ಕೆ ನನ್ನ ನಾಲಿಗೆ ಹೊರಳುವುದಿಲ್ಲ. ಲಗಮಣ್ಣ. ನಾವಿಬ್ಬರೂ ರಾಯಬಾಗ–ಅಥಣಿ ಗಾಡಿಯಲ್ಲಿ ವರ್ಷಾನುಗಟ್ಟಲೆ ಕೂಡಿ ದುಡಿದವರು. ಅವನು ಸ್ಟೇರಿಂಗ್ ಮುಂದೆ, ನಾನು ಬಾಗಿಲ ಹತ್ತಿರ. ಗಾಡಿ ಬಿಟ್ಟು ಇಳಿದರೆ ಇಬ್ಬರೂ ವಿಠ್ಠಲ ಗುಡಿಗೆ, ಭಜನೆಗೆ. ಅವನದು ತಬಲಾ, ನನ್ನದು ತಾಳ. ಗಾಡಿ ಹೊಡೆಯುವಾಗಲೂ ಅವನ ಬೆರಳು ಸ್ಟೇರಿಂಗ್ ಮೇಲೆ ಹೀಗೆ — ಹೀಗೆ — ಠೇಕಾ ಹಾಕುತ್ತಲೇ ಇರುತ್ತಿದ್ದವು. ಮುಂದೆ ಕುಳಿತ ಮುದುಕಿಯರು ಬೈಯುತ್ತಿದ್ದರು: "ಏ ತಮ್ಮಾ, ರಸ್ತಾ ನೋಡಿ ಹೊಡಿ!" ಅವನು: "ಯವ್ವಾ, ಕಣ್ಣು ರಸ್ತಾದ ಮ್ಯಾಲ ಅದಾವು. ಬೆರಳಿಗೇನ್ ಕೆಲಸ ಐತಿ?"

ಎಂಬತ್ತೆಂಟನೇ ಇಸವಿಯಲ್ಲಿ ರಿಟಾಯರ್ ಆದ. ಇನ್ನು ತಬಲಾವೇ ತಬಲಾ ಅಂದುಕೊಂಡಿದ್ದ. ಅದೇ ಹೊತ್ತಿಗೆ ಆ ನಡುಕದ ಬ್ಯಾನಿ ಬಂತು. ಮೊದಲು ಬಲಗೈ, ಆಮೇಲೆ ಎಡಗೈ. ಚಹಾ ಕುಡಿಯಲು ಕೂತರೆ ಅರ್ಧ ಬಶಿಗೆ, ಅರ್ಧ ಅಂಗಿಗೆ. "ಅಂಗಿಗೂ ಚಹಾ ಬೇಕಾಗೇತ್ಲೇ ಸತ್ಯಪ್ಪಾ" ಅಂತ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಸಿಟ್ಟು ಬರುತ್ತಿತ್ತು — ಯಾರ ಮೇಲೆ ಅಂತ ಕೇಳಬೇಡಿ.

ಕೈಗಿಂತ ಕಾಲಿನದೇ ದೊಡ್ಡ ಕಾಟ. ನಡೆಯುತ್ತ ನಡೆಯುತ್ತ ಹೊಸ್ತಿಲ ಹತ್ತಿರ ಬಂದರೆ ಸಾಕು, ಕಾಲು ನೆಲಕ್ಕೆ ಅಂಟಿಬಿಡುತ್ತಿತ್ತು. ಶಕ್ತಿ ಇಲ್ಲವೆಂದಲ್ಲ. ಮನಸ್ಸು ಹೋಗು ಅನ್ನುತ್ತದೆ, ಕಾಲು ಒಲ್ಲೆ ಅನ್ನುತ್ತದೆ. ಮೂವತ್ತು ವರ್ಷ ಊರು ಊರು ತಿರುಗಿಸಿದ ಮನುಷ್ಯ ತನ್ನ ಮನೆಯ ಹೊಸ್ತಿಲಲ್ಲಿ ನಿಂತು ಬೆವರುತ್ತಿದ್ದ.

ಮಿರಜಿಗೆ ಕರೆದುಕೊಂಡು ಹೋದೆವು. ಡಾಕ್ಟರು ಗುಳಿಗೆ ಕೊಟ್ಟರು, ಮುಂಜಾನೆಯೊಂದು, ಸಂಜೆಯೊಂದು. ಈ ಮಹಾನುಭಾವ ಏನು ಮಾಡಿದ ಗೊತ್ತೇ? ಮುಂಜಾನೆಯದನ್ನು ಉಳಿಸಿಕೊಂಡು ಎರಡನ್ನೂ ಸಂಜೆಯೇ ನುಂಗುತ್ತಿದ್ದ — ಭಜನೆಯಲ್ಲಿ ಕೈ ನಡುಗಬಾರದು ಅಂತ! ಹಗಲೆಲ್ಲ ಕಟ್ಟಿಗೆಯಂತೆ ಬಿದ್ದಿರುವುದು, ಸಂಜೆ ತಲೆ ತಿರುಗುವುದು. ನಾನು ಬೈದೆ, ಮುರಗೆಪ್ಪ ಬೈದ, ಡಾಕ್ಟರೂ ಬೈದರು. ಕೇಳುವ ಜಾತಿಯೇ ಅಲ್ಲ ಅದು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ಆಡುತ್ತೇನೆ, ಆದರೆ ಇದನ್ನು ಹೇಳದೆ ಬಿಡಲಾರೆ. ಹಟಮಾರಿ ಮುದುಕ!

ದಾರಿ ಹುಡುಕಿದವರು ಅವನ ಹೆಂಡತಿ, ನಮ್ಮ ಚನ್ನವ್ವಕ್ಕ. ಒಂದು ಮುಂಜಾನೆ ಇವನು ಬಚ್ಚಲ ಬಾಗಿಲಲ್ಲಿ ಸಿಕ್ಕಿಕೊಂಡು ನಿಂತಿದ್ದಾನೆ. ಇವರದು ಒಲೆಯ ಮೇಲೆ ಪಲ್ಯ ಹೊತ್ತುತ್ತಿದೆ. ಸಿಟ್ಟಿಗೆ ಕೈಯಲ್ಲಿದ್ದ ಚಮಚದಿಂದ ತಾಟು ಬಡಿದರು — ಠಣ್, ಠಣ್, ಠಣ್, ಠಣ್. ಕಾಲು ಎದ್ದಿತು! ಆ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಇಡುತ್ತ ದಾಟಿಯೇಬಿಟ್ಟ. ಅವತ್ತಿನಿಂದ ಆ ಮನೆಯಲ್ಲಿ ದಿನಾ ಮುಂಜಾನೆ ತಾಟಿನ ಮೇಳ. ಓಣಿಯವರು ಚೇಷ್ಟೆ ಮಾಡಿದರು: "ಚನ್ನವ್ವಾ, ಗಂಡನ್ನ ಕುಣಸಾಕತ್ತಿಯೇನ ಬೇ?" ಅಕ್ಕ ಅಂದರಂತೆ, "ಹೌದ ಬೇ, ನಿನ್ನ ಗಂಡ ಕೈಕಾಲು ನೆಟ್ಟಗಿದ್ದೂ ನಿನ್ನ ಮಾತಿಗೆ ಕುಣೀತಾನೇನು?"

ಅಂದರೆ ಲಯ ಕಿವಿಗೆ ಬಿದ್ದರೆ ಅವನು ನಡೆಯುತ್ತಿದ್ದ. ಇದು ಊರಿಗೆಲ್ಲ ಗೊತ್ತಿತ್ತು. ಆದರೂ ನಾವು ಮಾಡಿದ್ದೇನು?

ರಾವಸಾಹೇಬರೇ, ನೀವು ನಮ್ಮ ಮೇಳದ ಯಜಮಾನರು, ಇಲ್ಲೇ ಕುಳಿತಿದ್ದೀರಿ. ನಿಮ್ಮ ಮನಸ್ಸು ಕೆಟ್ಟದ್ದಲ್ಲ, ಬಲ್ಲೆ. ಅದೇ ನನ್ನ ತಲೆನೋವು. ಕೆಟ್ಟ ಮನಸ್ಸಿನವರಾಗಿದ್ದರೆ ಜಗಳ ತೆಗೆದು ಮುಗಿಸುತ್ತಿದ್ದೆ. ತಬಲಾ ಆಗದೆ ಅವನು ತಾಳ ಹಿಡಿದ. ಕೈ ನಡುಗಿ ತಾಳ ಒಂದು ಸಲ ಝಣ್ ಅನ್ನುವಲ್ಲಿ ಎರಡು ಸಲ ಅಂದಿತು. ನೀವು ಬೈಯಲಿಲ್ಲ. ಸತ್ಕಾರ ಮಾಡಿದಿರಿ! "ಲಗಮಣ್ಣಾ, ನೀ ಇನ್ನ ದಣೀಬ್ಯಾಡ. ಗೌರವಾಧ್ಯಕ್ಷ ಆಗಿ ಮ್ಯಾಲ ಕುಂಡ್ರು" ಅಂದಿರಿ. ಶಾಲು, ಹಾರ, ಟೋಪಿ, ಕುರ್ಚಿ. ನಮ್ಮ ಕಡೆ ಪದ್ಧತಿ ನಿಮಗೆ ಗೊತ್ತೇ ಇದೆ. ಹಾರ ಬಿದ್ದವನ ಕೈಗೆ ಮತ್ತೆ ಯಾರೂ ತಾಳ ಕೊಡುವುದಿಲ್ಲ. ಕೊಟ್ಟರೆ ದೊಡ್ಡವರಿಗೆ ಅಪಮಾನ. ಆಮೇಲೆ ಪ್ರತಿ ಹಬ್ಬಕ್ಕೂ ಒಂದು ಶಾಲು. ಒಂದು ದಿನ ಕುರ್ಚಿಯಲ್ಲಿದ್ದವನ ಹತ್ತಿರ ಬಗ್ಗಿ, "ಹೆಂಗದೀಯೋ?" ಅಂದೆ. ಹಾರದೊಳಗಿನಿಂದ ಅಂದ: "ಶಾಲು ಹೊದಿಸಿ ಕೈ ಮುಚ್ಚ್ಯಾರಲೇ, ಸತ್ಯಪ್ಪಾ."

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತೇವೆ. ಲಗಮಣ್ಣನ ಹಲ್ಲು ಅಲುಗಾಡುತ್ತಿದ್ದವು, ಆದರೆ ಇದ್ದವು! ಕಡಲೆ ಕಸಿದುಕೊಂಡವರು ನಾವು.

ಈ ಸಲದ ಆಷಾಢ ಏಕಾದಶಿಯ ದಿಂಡಿ ಮೆರವಣಿಗೆ ನೆನಪಿದೆಯೇ? ದಿಂಡಿಯಲ್ಲಿ ನಡೆಯುತ್ತೇನೆ ಅಂತ ತಿಂಗಳ ಮೊದಲೇ ಹೇಳಿದ್ದ. ದಿಂಡಿಯಲ್ಲಿ ತಾಳ ನಿಲ್ಲುವುದಿಲ್ಲವಲ್ಲ, ಕಾಲೂ ನಿಲ್ಲುವುದಿಲ್ಲ ಎಂಬುದು ಅವನ ಲೆಕ್ಕ. ಅಂಗಳದಲ್ಲಿ ಅಕ್ಕನ ತಾಟಿಗೆ ಹೆಜ್ಜೆ ಹಾಕಿ ರೂಢಿ ಮಾಡಿದ. ಬೇಡಿದ್ದು ಅದೊಂದೇ — ಮೇಳದೊಳಗೆ ನಡೆಯುವುದು. ಮೇಳದ ಕಮಿಟಿ ಏನಂದಿತು? ಗೌರವಾಧ್ಯಕ್ಷರನ್ನು ನಡೆಸಿದರೆ ಜನ ಏನೆಂದಾರು? ಟ್ರಾಕ್ಟರ್ ಟ್ರಾಲಿಗೆ ಕಬ್ಬು, ಮಾವಿನ ತೋರಣ ಕಟ್ಟಿ, ಮೇಲೆ ಕುರ್ಚಿ ಇಟ್ಟು, ನಾಲ್ವರು ಎತ್ತಿ ಕೂರಿಸಿದರು. ಆ ಟ್ರಾಕ್ಟರ್ ಸದ್ದಿನಲ್ಲಿ ಹಿಂದಿನ ಮೇಳ ಅವನ ಕಿವಿಗೆ ಬೀಳಲೇ ಇಲ್ಲ. ದೇವರ ಮೆರವಣಿಗೆಯಲ್ಲಿ ಅವನು ಕೇಳಿದ್ದು ಇಂಜಿನ್ ಒಂದೇ. ಅದನ್ನು ಜೀವಮಾನವೆಲ್ಲ ಕೇಳಿದ್ದನಲ್ಲ!

ಗುಡಿ ಬಂತು. ಇಂಜಿನ್ ಬಂದ್ ಆಯಿತು. ಅವನನ್ನು ಇಳಿಸಿದರು — ಕಾಲು ಅಂಟಿತು. ಎತ್ತಿಕೊಳ್ಳಲು ನಾಲ್ವರು ಮತ್ತೆ ಬಂದರು. "ದೂರ ಸರೀರಲೇ" ಅಂದ. "ಸತ್ಯಪ್ಪಾ, ತಾಳ ಹಿಡಿ." ನಾನು ಹೊಡೆದೆ. ಝಣ್... ಝಣ್... ಲಗಮಣ್ಣ ಹೆಜ್ಜೆ ಇಟ್ಟ. ಇನ್ನೊಂದು. ಹಾರ ಕಿತ್ತು ಕೆಳಗೆ ಹಾಕಿದ. ಮುಖದ ಮೇಲೆ, ತುಂಬಿದ ಗಾಡಿಯನ್ನು ಅಥಣಿ ಸ್ಟ್ಯಾಂಡಿಗೆ ತಂದು ನಿಲ್ಲಿಸಿದಷ್ಟು ಗತ್ತು! ಗುಡಿಯ ಹೊಸ್ತಿಲು ಕೈಯಳತೆಯಲ್ಲಿ ಉಳಿದಿತ್ತು. ಆಗ — ನೀವೆಲ್ಲ ಚಪ್ಪಾಳೆ ಹೊಡೆದಿರಿ.

ಒಬ್ಬೊಬ್ಬರದು ಒಂದೊಂದು ಲಯ. ಪಟಪಟ, ಪಟಪಟ. ನನ್ನ ತಾಳ ಅದರೊಳಗೆ ಮುಳುಗಿತು. ಅವನ ಕಾಲು ಅಲ್ಲೇ ನಿಂತಿತು. ನಾನು ಕೂಗಿದೆ, "ನಿಲ್ಲಸ್ರಿ, ನಿಲ್ಲಸ್ರಿ!" ನೀವು ಇನ್ನೂ ಜೋರಾಗಿ ಹೊಡೆದಿರಿ. ಕಡೆಗೆ ಎತ್ತಿಯೇ ಒಳಗೆ ಒಯ್ದರು. ಅವನು ಕಣ್ಣು ಮುಚ್ಚಿಕೊಂಡಿದ್ದ. ಭಕ್ತಿ ಅಂದುಕೊಂಡಿರಿ. ಅದು ನಾಚಿಕೆ.

ಅದಾದ ಮೇಲೆ ಗುಡಿಗೆ ಬರಲಿಲ್ಲ. ದೀಪಾವಳಿ ಮುಗಿದ ಮೇಲೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು, ಹೋದ. ನಮ್ಮಿಂದ ಹೋದ ಅನ್ನುತ್ತಿಲ್ಲ. ಬ್ಯಾನಿ ಯಾರ ಕೈಯಲ್ಲೂ ಇರಲಿಲ್ಲ. ಆ ಹೊಸ್ತಿಲು ಮಾತ್ರ ನಮ್ಮ ಕೈಯಲ್ಲಿತ್ತು.

ಇಲ್ಲಿ ನೋಡಿ — ಫೋಟೋಕ್ಕೂ ಶಾಲು ಹೊದಿಸಿದ್ದೀರಿ. ಚನ್ನವ್ವಕ್ಕ, ಅಪ್ಪಣೆ ಇದ್ದರೆ ಇದನ್ನು ತೆಗೆಯುತ್ತೇನೆ... ಹಾಂ. ಈಗ ಕೈ ಕಾಣುತ್ತದೆ.

ನಿನ್ನೆ ಅಕ್ಕ ನನಗೆ ಅಂದರು: "ಮುಂಜಾನೆ ಎದ್ದ ಕೂಡ್ಲೆ ಕೈ ತಾಟಿನ ಕಡೆ ಹೋಗ್ತೈತಿ ಸತ್ಯಪ್ಪಣ್ಣಾ. ಬಡ್ಯಾಕ ಹೋಗಿ ಸುಮ್ನ ಕುಂಡ್ರತೀನಿ." ಅದಕ್ಕೇ ತಾಟು ಚಮಚ ತರಿಸಿದ್ದೇನೆ. ತಗೊಳ್ಳಿ ಅಕ್ಕ.

ಈಗ ಎಲ್ಲರೂ ಎದ್ದು ನಿಲ್ಲೋಣ. ಮೊಳಕಾಲು ನೋವಿದ್ದವರು ಕೂತೇ ಇರಿ, ನಿಮಗೆ ಯಾರೂ ಶಾಲು ಹೊದಿಸುವುದಿಲ್ಲ. ಲಗಮಣ್ಣನಿಗೆ ಮೌನ ಸೇರುತ್ತಿರಲಿಲ್ಲ, ಆದರೂ ಅವತ್ತು ಕೊಡದೆ ಹೋದ ಮೌನ ನಮ್ಮ ಮೇಲೆ ಬಾಕಿ ಇದೆ. ಕೈ ಕೆಳಗೆ ಬಿಡಿ. ಯಾರೂ ಚಪ್ಪಾಳೆ ಹೊಡೆಯಬೇಡಿ. ದಾರಿ ಬಿಡ್ರಿ, ಅವನು ದಾಟಲಿ.

ಚನ್ನವ್ವಕ್ಕ... ಬಡೀರಿ.