ನಿಧಾನಪ್ಪನ ಹದಿನಾಲ್ಕನೇ ನಂಬರು

ಮಳೆ ಮಧ್ಯಾಹ್ನದಿಂದ ಬಿಟ್ಟಿರಲಿಲ್ಲ. ರೈಲು ಸೇತುವೆಯ ಕೆಳಗೆ ಎದೆಮಟ್ಟ ನೀರು ನಿಂತು, ಹೊರಡಬೇಕಾದ ಬಸ್ಸುಗಳೆಲ್ಲ ಡಿಪೋದಲ್ಲೇ ಉಳಿದಿದ್ದವು. ಸಂಜೆ ಆರಕ್ಕೇ ಕತ್ತಲು ಕವಿದಿತ್ತು. ಒದ್ದೆ ಖಾಕಿಯ ವಾಸನೆ ಹೊಡೆಯುತ್ತಿದ್ದ ವಿಶ್ರಾಂತಿ ಕೋಣೆಯಲ್ಲಿ ನಾಲ್ವರು ಡ್ರೈವರುಗಳು, ಇಬ್ಬರು ಕಂಡಕ್ಟರುಗಳು, ನಾನು. ನಾನು ಕೇಂದ್ರ ಕಚೇರಿಯ ಗುಮಾಸ್ತ. ನಗರದ ಬಸ್ಸಿಗೆ ಅರವತ್ತು ವರ್ಷ ತುಂಬುತ್ತದೆಂದು ಅದರ ಇತಿಹಾಸ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದರು. ಅದಕ್ಕಾಗಿ ಹಳೆಯ ಟೈಂ ಕೀಪರ್ ಒಬ್ಬರನ್ನು ಕರೆಸಿದ್ದೆ. ವಯಸ್ಸು ಎಂಬತ್ತೆರಡು. ಎಲ್ಲರಿಗೂ ಅವರು ಟೈಂ ತಾತ.

ತಾತ ಬಾಯಿಪಾಠ ಒಪ್ಪಿಸುವಂತೆ ಹೇಳುತ್ತ ಹೋದರು. ಮೊದಲು ಇದ್ದದ್ದು ಹನ್ನೊಂದೇ ಬಸ್ಸು. ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ಮಾತ್ರ ಎಂಜಿನ್ ಏಳುತ್ತಿತ್ತು. ಸೀಟು ಮರದ್ದು. ಹೆಂಗಸರ ಬಸ್ಸು, ಶಾಲೆ ಪಾಸು, ಎರಡಂತಸ್ತಿನ ಬಸ್ಸು, ಈಗಿನ ಕರೆಂಟ್ ಬಸ್ಸು, ಎಲ್ಲವೂ ಯಾವ ವರ್ಷ ಬಂದವೆಂದು ಅವರಿಗೆ ಗೊತ್ತಿತ್ತು. ನಾನು ಬರೆದುಕೊಳ್ಳುತ್ತ ಮಾರ್ಗಗಳ ಪಟ್ಟಿ ನೋಡಿದೆ. ಹದಿಮೂರು ಆದಮೇಲೆ ಹದಿನೈದಿತ್ತು. ಹದಿನಾಲ್ಕು ಎಲ್ಲಿ ಹೋಯಿತೆಂದು ಕೇಳಿದೆ.

ತಾತ ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಆಮೇಲೆ ಬಾಗಿಲು ಹಾಕಲು ಹೇಳಿ, ಬೆಂಚನ್ನು ಹತ್ತಿರಕ್ಕೆ ಎಳೆದುಕೊಂಡರು.

"ಹದಿನಾಲ್ಕು ಎಲ್ಲೂ ಹೋಗಿಲ್ಲ ಕಣ್ರಪ್ಪ... ಮಾರ್ಕೆಟ್ಟಿಂದ ಹೊರಟು, ಆಸ್ಪತ್ರೆ ದಿಬ್ಬ ಹತ್ತಿ, ಆ ಕಡೆ ಇಳಿದು ಗಿರಣಿ ಗೇಟಿಗೆ ಹೋಗ್ತಿತ್ತು. ಅದರ ಡ್ರೈವರು ನಮ್ಮ ಭಾವ, ನಮ್ಮಕ್ಕನ ಗಂಡ. ಕಂಡಕ್ಟರು ನಾನು. ನನ್ನನ್ನ ಕೆಲಸಕ್ಕೆ ಸೇರಿಸಿದ್ದೂ ಅವರೇ, ಟಿಕೆಟ್ ಹರಿಯೋಕೆ ಕಲಿಸಿದ್ದೂ ಅವರೇ. ಮರಿ ಅಂತ ಕರೀತಿದ್ರು ನನ್ನ, ಮೀಸೆ ಬಂದಮೇಲೂ ಮರೀನೇ. ಊರೆಲ್ಲ ಅವರನ್ನ ಕರೀತಿದ್ದುದು ನಿಧಾನಪ್ಪ ಅಂತ. ಅವರ ಬಸ್ ಹತ್ತೋದಾದ್ರೆ ಬುತ್ತಿ ಕಟ್ಕೊಂಡು ಹತ್ತಬೇಕು ಅಂತ ಜನ ನಗೋರು. ಆದ್ರೆ ಬಸುರಿ ಹೆಂಗಸರು, ಮುದುಕರು, ಆಸ್ಪತ್ರೆಗೆ ಹೋಗೋರು ಬೇರೆ ಬಸ್ ಬಂದ್ರೂ ಬಿಟ್ಟು ಇವರದಕ್ಕೇ ಕಾಯ್ತಿದ್ರು. ಯಾಕೆ? ಒಂದು ಕುಲುಕಿಲ್ಲ, ಒಂದು ಜರ್ಕಿಲ್ಲ... ತೊಟ್ಟಿಲು ತೂಗಿದ ಹಾಗೆ ಓಡಿಸ್ತಿದ್ರು.

"ಒಂದು ವಾರ ಬಸ್ಸಿನ ಬ್ರೇಕು ಕೈಕೊಡೋಕೆ ಶುರುವಾಯ್ತು. ಡಿಪೋದಲ್ಲಿ ದೂರಿನ ಪುಸ್ತಕ ಇರುತ್ತಲ್ಲ, ಅದರಲ್ಲಿ ಭಾವ ಮೂರು ದಿನ ಬರೆದ್ರು, ಬ್ರೇಕ್ ಹಿಡೀತಿಲ್ಲ ಅಂತ. ನಾನು ಪಕ್ಕದಲ್ಲೇ ನಿಂತಿದ್ದೆ, ಕಣ್ಣಾರೆ ನೋಡಿದೀನಿ. ಮೂರನೇ ದಿನ ಬಸ್ ತೆಗೆಯಲ್ಲ ಅಂದ್ರು. ಮ್ಯಾನೇಜರು ಹೆಗಲ ಮೇಲೆ ಕೈ ಹಾಕಿ, ಬೇರೆ ಬಸ್ಸಿಲ್ಲ, ಇವತ್ತೊಂದು ದಿನ ಓಡಿಸಿ, ನಾಳೆ ಸಾಮಾನು ಬರುತ್ತೆ, ನಿಮ್ಮ ಥರ ನಿಧಾನಸ್ಥರಿಗೆ ಬ್ರೇಕ್ ಯಾಕೆ ಬೇಕು ಅಂತ ನಕ್ಕರು. ಭಾವ ನನ್ನ ಮುಖ ನೋಡಿದ್ರು. ನಾನೇನಂದೆ ಗೊತ್ತಾ? ಹೋಗಿ ಬಂದ್ಬಿಡೋಣ ಭಾವ ಅಂದೆ.

"ಮಧ್ಯಾಹ್ನ ಎರಡು ನಲವತ್ತರ ಟ್ರಿಪ್ಪು... ದಿಬ್ಬ ಇಳೀತಾ ಬ್ರೇಕು ಪೂರ್ತಿ ಹೋಯ್ತು. ಕೆಳಗಡೆ ಸ್ಟಾಪಲ್ಲಿ ಶಾಲೆ ಬಿಟ್ಟ ಹೆಣ್ಣುಮಕ್ಕಳು ಸಾಲಾಗಿ ನಿಂತಿದಾರೆ, ಬಸ್ ಬಂತು ಅಂತ ಚೀಲ ಹೆಗಲಿಗೇರಿಸ್ಕೊಂಡು ಮುಂದೆ ಬರ್ತಿದಾರೆ. ಭಾವ ಕಿರುಚಲಿಲ್ಲ, ಹಿಂತಿರುಗಿ ನೋಡಲಿಲ್ಲ. ಎಲ್ಲರೂ ಗಟ್ಟಿಯಾಗಿ ಹಿಡ್ಕೊಳ್ಳಿ ಅಂತ ಒಂದೇ ಮಾತಂದು, ಬಲಗಡೆಗೆ ತಿರುಗಿಸಿ, ತಾವು ಕೂತ ಕಡೆಯನ್ನೇ ಗೋಡೌನಿನ ಕಲ್ಲುಗೋಡೆಗೆ ಕೊಟ್ಟರು. ಭಾವನ್ನ ಬಿಟ್ಟು ನಲವತ್ತೆರಡು ಜನ ಇದ್ವಿ ಒಳಗೆ. ನಲವತ್ತೆರಡೂ ಜನ ನಡ್ಕೊಂಡೇ ಇಳಿದ್ವಿ... ಅವರನ್ನ ಮಾತ್ರ ತಗಡು ಕತ್ತರಿಸಿ ತೆಗೀಬೇಕಾಯ್ತು.

"ಮಾರನೇ ದಿನ ಮ್ಯಾನೇಜರು ನನ್ನ ಒಳಗೆ ಕರೆದ್ರು. ಮೇಜಿನ ಮೇಲೆ ದೂರಿನ ಪುಸ್ತಕ. ಮೂರು ಹಾಳೆ ಇಲ್ಲ. ಪಕ್ಕದಲ್ಲಿ ಟೈಪ್ ಮಾಡಿದ ಕಾಗದ. ಡ್ರೈವರು ಅತಿವೇಗ ಹೋದ್ರು, ಕಂಡಕ್ಟರು ಎಚ್ಚರಿಸಿದ್ರೂ ಕೇಳಲಿಲ್ಲ ಅಂತ. ಅತಿವೇಗ... ನಿಧಾನಪ್ಪಂಗೆ. ಸಹಿ ಹಾಕಿದ್ರೆ ಟೈಂ ಕೀಪರ್ ಕುರ್ಚಿ, ಇಲ್ಲಾಂದ್ರೆ ಮನೆಗೆ ಹೋಗು ಅಂದ್ರು. ನಂಗೆ ಎರಡು ಎಳೆ ಮಕ್ಕಳು. ಅದೂ ನೆಪಾನೇ ಬಿಡಿ. ನಿಜ ಹೇಳ್ಲಾ? ಹನ್ನೆರಡು ವರ್ಷ ನಿಂತೂ ನಿಂತೂ ಕಾಲು ಬಾತಿತ್ತು... ಆ ಕುರ್ಚಿ ಕಣ್ಣಿಗೆ ಚೆನ್ನಾಗಿ ಕಾಣ್ತು.

"ಅವತ್ತು ಸಂಜೆ ಆಸ್ಪತ್ರೆಯಲ್ಲಿ ಭಾವ ತೀರ್ಕೊಂಡ್ರು. ತನಿಖೆ ಒಂದೇ ವಾರದಲ್ಲಿ ಮುಗೀತು. ತಪ್ಪೆಲ್ಲ ಸತ್ತೋರದ್ದೇ. ತಿಂಗಳೊಳಗೆ ಅಕ್ಕ, ಅವಳ ಮಗಳು ಕ್ವಾರ್ಟರ್ಸ್ ಖಾಲಿ ಮಾಡ್ಬೇಕಾಯ್ತು. ಆ ಕಾಗದದ ನಕಲು ಯಾರೋ ಅಕ್ಕನ ಕೈಗೆ ಕೊಟ್ಟಿದ್ರು. ನಾನು ಸಾಮಾನು ಎತ್ತೋಕೆ ಅಂತ ಹೋದಾಗ ಅವಳು ಅದನ್ನ ಹಿಡ್ಕೊಂಡು ಬಾಗಿಲಲ್ಲೇ ಕೂತಿದ್ಲು. ಬೈತಾಳೆ, ಕೆನ್ನೆಗೆ ಹೊಡೀತಾಳೆ ಅಂದ್ಕೊಂಡೆ. ಇಲ್ಲ. ಮೆಲ್ಲಗೆ ಅಂದ್ಲು... 'ಕೊನೇ ಉಸಿರಿನವರೆಗೂ ಅವರು ನಿನ್ನ ಹೆಸರೇ ಹೇಳ್ತಿದ್ರೋ. ಮರಿ ಪಕ್ಕದಲ್ಲೇ ಇದ್ದ, ಅವನು ಹೇಳ್ತಾನೆ, ನೀನು ಹೆದರ್ಬೇಡ ಅಂತ.'

"ಆಮೇಲೆ ಅವಳು ಬದುಕಿದ್ದಷ್ಟು ದಿನ ನನ್ನ ಮುಖ ನೋಡಲಿಲ್ಲ. ಸತ್ತಾಗ ಅವಳ ಮಗಳು ನನ್ನನ್ನ ಹೊಸ್ತಿಲು ದಾಟೋಕೆ ಬಿಡಲಿಲ್ಲ.

"ಹದಿನಾಲ್ಕು ಅಪಶಕುನ ಅಂತ ನಂಬರನ್ನೇ ತೆಗೆದುಹಾಕಿದ್ರು. ನಾನು ಸ್ಟ್ಯಾಂಡಿನ ಕ್ಯಾಬಿನ್ನಲ್ಲಿ ಕೂತೆ. ಡ್ರೈವರುಗಳು ಬಂದು ಕಿಟಕಿಯೊಳಗೆ ಚೀಟಿ ಚಾಚ್ತಾರೆ, ನಾನು ಟೈಂ ಬರೆದು ಕೊಡ್ತೀನಿ. ಮೂರನೇ ತಿಂಗಳು... ಹಾಡಹಗಲು, ಎರಡು ನಲವತ್ತು. ಒಂದು ಚೀಟಿ ಒಳಗೆ ಬಂತು. ತಲೆ ಎತ್ತದೆ ಟೈಂ ಬರೆದೆ. ಬರೆದಮೇಲೆ ನೋಡ್ತೀನಿ, ಮಾರ್ಗ ಹದಿನಾಲ್ಕು. ಬಸ್ಸಿನ ನಂಬರು ಗುಜರಿಗೆ ಹೋದ ನಮ್ಮ ಬಸ್ಸಿಂದು. ಕಿಟಕಿ ಆಚೆ ಖಾಕಿ ತೋಳು... 'ಹೇಳಿದ್ಯಾ ಮರಿ?' ಅಂತ ಕೇಳಿದ್ರು.

"ಸಿಟ್ಟಿರಲಿಲ್ಲ ಕಣ್ರಪ್ಪ, ಅದೇ ಕಷ್ಟ. ಊಟ ಆಯ್ತಾ ಅಂತ ಕೇಳ್ತಾರಲ್ಲ, ಹಾಗೆ. ಅವರಿಗೆ ಗೊತ್ತೇ ಇಲ್ಲ. ನಾನು ಸಹಿ ಹಾಕಿದ್ದು ಅವರಿಗೆ ಇನ್ನೂ ಗೊತ್ತಿಲ್ಲ. ನನ್ನ ನಾಲಿಗೆ ತಾನಾಗೇ ಹೊರಳ್ತು... ಹೇಳ್ತೀನಿ ಭಾವ ಅಂದೆ. ಸರಿ ಸರಿ, ಆತುರ ಏನಿಲ್ಲ ಅಂದು ಚೀಟಿ ತಗೊಂಡು ಹೋದ್ರು. ಎದ್ದು ನೋಡಿದ್ರೆ ಕಿಟಕಿ ಆಚೆ ನರಪಿಳ್ಳೆ ಇಲ್ಲ.

"ವಾರಕ್ಕೊಂದು ಸಲ, ತಿಂಗಳಿಗೊಂದು ಸಲ... ಇಪ್ಪತ್ತಮೂರು ವರ್ಷ. ಪ್ರತಿ ಸಲ ಹೇಳ್ತೀನಿ ಅಂದೆ, ಪ್ರತಿ ಸಲ ಅವರು ನಂಬಿದ್ರು. ಒಂದು ಸಲ ತಡೀಲಾರದೆ ಎಲ್ಲ ಬರೆದು ಕಚೇರಿಗೆ ಕೊಟ್ಟೆ. ಆ ಫೈಲು ಮುಚ್ಚಿ ಎಷ್ಟು ಕಾಲ ಆಯ್ತು ಅಂತ ವಾಪಸ್ ಕಳಿಸಿದ್ರು. ಅವತ್ತು ಭಾವ ಬಂದಾಗ ಹೇಳಿದೆ ಅಂದೆ. ಯಾರು ಕೇಳಿಸ್ಕೊಂಡ್ರು ಅಂತ ಕೇಳಿದ್ರು.

"ರಿಟೈರಾಗೋ ವರ್ಷ ನಮ್ಮ ಹಳೇ ಮೆಕ್ಯಾನಿಕ್ಕಿಗೆ ಎಲ್ಲ ಬಿಡಿಸಿ ಹೇಳ್ಬಿಟ್ಟೆ. ಅವನು ಕೂತು ಪೂರ್ತಿ ಕೇಳಿಸ್ಕೊಂಡ. ಅಲ್ಲಿಂದಾಚೆ ಭಾವ ನನ್ನ ಹತ್ರ ಬರಲಿಲ್ಲ. ಅಬ್ಬ, ಬಿಡುಗಡೆ ಆಯ್ತು ಅಂದ್ಕೊಂಡೆ... ಹದಿನೈದು ದಿನಕ್ಕೆ ಮೆಕ್ಯಾನಿಕ್ಕು ಬಂದು ನನ್ನ ಕಾಲರ್ ಹಿಡಿದ. ಬಸ್ಸಿನಡಿ ಮಲಗಿ ಕೆಲಸ ಮಾಡೋವಾಗ ಚಕ್ರದ ಪಕ್ಕ ಎರಡು ಕಾಲು ಬಂದು ನಿಲ್ತವೆ, ನಿಂಗೂ ಗೊತ್ತಾಯ್ತಲ್ಲ, ನೀನು ಹೇಳಿದ್ಯಾ ಅಂತ ಕೇಳ್ತಾರೆ ಅಂದ. ಅಷ್ಟು ವರ್ಷದ ಸ್ನೇಹ ಅವತ್ತಿಗೆ ಮುಗೀತು. ಹೋದ ತಿಂಗಳು ಅವನೂ ಹೋದ. ಅವನನ್ನ ಮಣ್ಣು ಮಾಡಿದ ಮಾರನೇ ದಿನ, ಸೈಕಲ್ಲೂ ಸರಿಯಾಗಿ ನುಗ್ಗದ ನಮ್ಮ ಓಣಿಯಲ್ಲಿ ಬಸ್ ನಿಂತ ಶಬ್ದ ಆಯ್ತು. ಗಡಿಯಾರ ನೋಡಿದೆ..."

ತಾತ ಗಂಟೆ ಎಷ್ಟೆಂದು ಹೇಳಲಿಲ್ಲ. ಬಾಗಿಲ ಬಳಿ ಕೂತಿದ್ದ ಡ್ರೈವರು, ತೀರ ಸಣ್ಣ ದನಿಯಲ್ಲಿ, "ತಾತ, ಮತ್ತೆ ನಮಗ್ಯಾಕೆ ಹೇಳಿದ್ರಿ?" ಎಂದ.

"ಒಬ್ಬನೇ ಹೊರೋಕಾಗಲ್ಲಪ್ಪ... ನೀವು ಏಳು ಜನ ಇದ್ದೀರಿ. ಬೈಕೊಳ್ಳಿ, ತಪ್ಪಿಲ್ಲ. ಹೆದರ್ಬೇಡಿ, ಅವರು ಯಾರಿಗೂ ಏನೂ ಮಾಡಲ್ಲ. ಬರ್ತಾರೆ, ಕೇಳ್ತಾರೆ, ಹೋಗ್ತಾರೆ. ಒಂದೇ ಒಂದು ನೆನಪಿಟ್ಕೊಳ್ಳಿ... 'ಹೇಳ್ತೀನಿ' ಅಂತ ಮಾತ್ರ ಅನ್ಬೇಡಿ. ಹಾಗಂದೋರನ್ನ ಅವರು ನಂಬಿಬಿಡ್ತಾರೆ."