ಕೊಳ್ಳದ ಮನೆಯ ರಿಪೇರಿ ಅಂದಾಜು

ನಾನು ಮರೆಪ್ಪ ತಂದೆ ದೌಲಪ್ಪ, ವಯಸ್ಸು 61 ವರ್ಷ, ಉದ್ಯೋಗ ಗೌಂಡಿ ಕೆಲಸ, ವಾಸ ಕಮಲಾಪುರ. ಗಾಜಿಪುರದ ಅಕ್ಬರಿ ಬೇಗಂ ಅವರು ನನ್ನ ಮೇಲೆ ಕೊಟ್ಟ ಮೋಸದ ದೂರಿನ ಬಗ್ಗೆ ಇಂದು ಠಾಣೆಯಲ್ಲಿ ವಿಚಾರಿಸಿದ್ದಕ್ಕೆ ಹೇಳಿ ಬರೆಸುವುದೇನೆಂದರೆ,

ಬಾಡಿಗೆಗೆ ಬಿಡಲು ಹಳೆ ಮನೆ ಕೊಳ್ಳುವವರ ಜೊತೆ ಹೋಗಿ, ರಿಪೇರಿಗೆ ಎಷ್ಟು ಬೀಳುತ್ತದೆ ಎಂದು ಮೊದಲೇ ಅಂದಾಜು ಹೇಳುವುದು ಹನ್ನೆರಡು ವರ್ಷ ನನ್ನ ಕೆಲಸವಾಗಿತ್ತು. ಎರಡು ವರ್ಷದಿಂದ ಯಾರೂ ಕರೆಯುತ್ತಿಲ್ಲ. ಹೆಂಡತಿ ಭಾಗಮ್ಮ ತೀರಿಕೊಂಡು ಮೂರು ವರ್ಷವಾಯಿತು. ಮಕ್ಕಳಿಲ್ಲ.

ದಿನಾಂಕ 11-05-2025, ಭಾನುವಾರ, ಬಸ್ಸಿನಲ್ಲಿ 38 ಕಿ.ಮೀ. ಕಲಬುರಗಿಗೆ ಬಂದು, ಬೆಳಿಗ್ಗೆ 10-20ಕ್ಕೆ ಇಲ್ಲಿಯ ಗಾಜಿಪುರದಲ್ಲಿ ಮನೆ ಮಾರಾಟದ ಬೋರ್ಡು ನೋಡಿ ಒಳಗೆ ಹೋದೆನು. ಅಕ್ಬರಿ ಬೇಗಂ ಹೊಲಿಗೆ ಕೆಲಸದವರು. ಕಪನೂರದಲ್ಲಿ ಹೊಲಿಗೆಗೆ ದೊಡ್ಡ ಶೆಡ್ಡು ಹಿಡಿಯಲು ಮನೆ ಮಾರುತ್ತಿದ್ದರು. ಕೊಳ್ಳಲು ಬಂದಿದ್ದೇನೆ ಎಂದು ಹೇಳಿದೆನು. ಗೋಡೆ ಬಡಿದು ನೋಡಿದೆನು. ಅಡುಗೆಮನೆಯಲ್ಲಿ ನಾಲ್ಕು ಅಡಿ ಗಿಲಾವು, ಅಂದರೆ ಗೋಡೆಯ ಪ್ಲಾಸ್ಟರು, ಪೊಳ್ಳಾಗಿತ್ತು. ಮಾಳಿಗೆಯ ಮೇಲೆ ಒಂದು ಕೊಡ ನೀರು ಸುರಿದೆನು. ಏಳು ನಿಮಿಷಕ್ಕೆ ಒಳಗೆ ಹನಿಯಿತು. ರಿಪೇರಿಗೆ 86,000 ರೂಪಾಯಿ ಬೀಳುತ್ತದೆ ಎಂದು ಅವರಿಗೆ ಹೇಳಿದೆನು. ಅವರು ಮಶೀನು ನಿಲ್ಲಿಸಿ ಚಹಾ ಮಾಡಿಕೊಟ್ಟರು. ಊಟ ಆಯಿತೇ ಎಂದು ಕೇಳಿದರು. ನನ್ನನ್ನು ಯಾರಾದರೂ ಹಾಗೆ ಕೇಳಿ ಬಹಳ ದಿನವಾಗಿತ್ತು.

18ರಂದು, 25ರಂದು ಮತ್ತೆ ಹೋದೆನು. ನೋಡುವುದೇನೂ ಉಳಿದಿರಲಿಲ್ಲ. ಅಳೆದ ಕೋಣೆಯನ್ನೇ ಅಳೆದೆನು. ಎರಡನೆಯ ಸಲ ಕಮಲಾಪುರದ ಕೆಂಪು ಬಾಳೆಹಣ್ಣು ಒಂದು ಡಜನ್ ಒಯ್ದಿದ್ದೆನು. "ಏನ್ರೀ ಕಾಕಾ, ಗ್ವಾಡಿ ಬೆಳದಾವೇನು, ಮತ್ತ ಅಳಿಯಾಕತ್ತೀರಿ?" ಎಂದು ನಕ್ಕರು. ನಾನೂ ನಕ್ಕೆನು.

ದಿನಾಂಕ 01-06-2025ರಂದು 11 ಗಂಟೆಗೆ ಹೋದಾಗ, "ನೀವ ತಗೋತೀರಿ ಅಂತ ಬಂದ ಗಿರಾಕೀನ ವಾಪಸ್ ಕಳಿಸೀನ್ರೀ. ಇವತ್ತ ಮುಂಗಡ ಕೊಟ್ಟಬಿಡ್ರಿ, ನಾಳೆ ಶೆಡ್ಡು ಪಕ್ಕಾ ಮಾಡ್ತೀನಿ" ಎಂದರು. ನನ್ನ ಹತ್ತಿರ ಹಣವಿಲ್ಲ, ಮೊದಲೂ ಇರಲಿಲ್ಲ ಎಂದು ಹೇಳಿದೆನು. ಅವರು ಬೈಯಲಿಲ್ಲ. ಅರ್ಧ ಕುಡಿದ ಚಹಾವನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು. ಶೆಡ್ಡು ಬೇರೆಯವರಿಗೆ ಹೋಯಿತೆಂದು ಠಾಣೆಗೆ ಬಂದ ಮೇಲೆ ತಿಳಿಯಿತು.

ನಾನು ಕದಿಯಲು ಹೋದವನಲ್ಲ. ರಿಪೇರಿಗೆ 86,000 ರೂಪಾಯಿ ಎಂಬ ನನ್ನ ಅಂದಾಜಿನಲ್ಲಿ ಒಂದು ಪೈಸೆ ಸುಳ್ಳಿಲ್ಲ, ಯಾವ ಇಂಜಿನಿಯರನ್ನಾದರೂ ಕರೆಸಿ ನೋಡಲಿ. ಕೊಳ್ಳುತ್ತೇನೆ ಎಂದದ್ದು ಮಾತ್ರ ಸುಳ್ಳು. ನನಗೆ ನಾಚಿಕೆಯಾಗಿದೆ. ಮಳೆ ಹಿಡಿಯುವ ಮೊದಲು ಆ ಮಾಳಿಗೆಯನ್ನೂ ಗಿಲಾವನ್ನೂ ಕೂಲಿಯಿಲ್ಲದೆ ಮಾಡಿಕೊಡುತ್ತೇನೆ, ಅವರು ಬಾಗಿಲು ತೆರೆದರೆ.

ಮನೆಗೆ ಕರೆದೊಯ್ಯಲು ಯಾರಿಗೆ ಫೋನ್ ಮಾಡಬೇಕೆಂದು ಸಾಹೇಬರು ಕೇಳಿದ್ದಕ್ಕೆ, ಅಕ್ಬರಿ ಬೇಗಂ ಅವರ ನಂಬರ್ ಹೇಳಿದೆನು. ಅದು ದೂರು ಕೊಟ್ಟವರ ನಂಬರ್ ಅಲ್ಲವೇ ಎಂದರು. ಹೌದು. ಬೇರೆ ನಂಬರ್ ನನ್ನ ಹತ್ತಿರ ಇಲ್ಲ.

ಬರೆದದ್ದನ್ನು ಓದಿ ಕೇಳಿಸಿದರು. ನಾನು ಹೇಳಿದಂತೆಯೇ ಇದೆ, ಖರೆ ಇದೆ.

ಸ್ಥಳ: ಕಲಬುರಗಿ
ದಿನಾಂಕ: 04-06-2025
ಸಹಿ: ಮರೆಪ್ಪ